‘ಚೆನ್ನಾಗಿದೆ, ಓದು’ ಎಂದರೆ ಯಾರೂ ಓದುವುದಿಲ್ಲ

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯೊಂದರ ಕನ್ನಡ ಶಿಕ್ಷಕಿ. 8, 9, 10ನೇ ತರಗತಿ ಸೇರಿ 110 ಮಕ್ಕಳಿದ್ದಾರೆ. ಗ್ರಂಥಾಲಯದಲ್ಲಿ 70ರಷ್ಟು ಕಾದಂಬರಿಗಳಿವೆ. ತಾವಾಗಿಯೇ ಓದುವ ಮಕ್ಕಳು ಹತ್ತು ಹನ್ನೆರಡು ಮಂದಿ. ಅವರು ಹೇಳಿದರೆ ಉಳಿದವರೂ ಓದಿಯಾರು ಎಂದು ಪ್ರತಿ ಶನಿವಾರ ಪ್ರಾರ್ಥನೆಯ ವೇಳೆ ಒಬ್ಬರಿಂದ 5 ನಿಮಿಷ ಪುಸ್ತಕ ಪರಿಚಯ ಮಾಡಿಸಿದೆ. ಎರಡು ತಿಂಗಳಾಯಿತು, ಬೀರುವಿನಿಂದ ಒಂದು ಪುಸ್ತಕವೂ ಹೊರಗೆ ಹೋಗಿಲ್ಲ. ಎಲ್ಲಿ ತಪ್ಪಿತು? ಯಾವ ಕಾದಂಬರಿಗಳಿಂದ ಶುರುಮಾಡಬೇಕು?

ಉತ್ತರ: ನಿಮ್ಮ ಆಲೋಚನೆ ಸರಿಯಾಗಿದೆ. ಹದಿನಾಲ್ಕರ ಹುಡುಗನೊಬ್ಬ ಕಾದಂಬರಿ ಕೈಗೆತ್ತಿಕೊಳ್ಳಲು ಇನ್ನೊಬ್ಬ ಹದಿನಾಲ್ಕರವನ ಮಾತಿಗಿಂತ ದೊಡ್ಡ ಕಾರಣ ಬೇಕಿಲ್ಲ. ಆದರೆ ಆ ಮಾತು ಪ್ರಾರ್ಥನೆಯ ಸಾಲಿನಲ್ಲಿ ಆಡುವಂಥದ್ದಲ್ಲ. ಬಿಸಿಲಿನಲ್ಲಿ ನಿಂತ 110 ಮಂದಿಗೆ ಒಟ್ಟಿಗೆ ಹೇಳಿದಾಗ ‘ಇದು ನನಗೆ ಹೇಳಿದ್ದು’ ಎಂದು ಒಬ್ಬರಿಗೂ ಅನ್ನಿಸುವುದಿಲ್ಲ. ಅನ್ನಿಸಿದರೂ ಪುಸ್ತಕ ಬೀರುವಿನೊಳಗೆ, ಬೀಗದ ಕೈ ಸ್ಟಾಫ್ ರೂಮಿನಲ್ಲಿ. ಮೊದಲ ಪೀರಿಯಡ್ಡಿನ ಗಣಿತ ಮುಗಿಯುವಷ್ಟರಲ್ಲಿ ಆ ಆಸೆ ಆರಿರುತ್ತದೆ.

ಇನ್ನೊಂದು ತೊಡಕು ಆ 5 ನಿಮಿಷದ್ದೇ. ಮಗುವಿಗೆ 5 ನಿಮಿಷ ಕೊಟ್ಟರೆ ಅದನ್ನು ತುಂಬಿಸಲು ಅದರ ಬಳಿ ಇರುವ ಸಾಮಗ್ರಿ ಎರಡೇ: ಪಠ್ಯಪುಸ್ತಕದ ಕೃತಿಕಾರರ ಪರಿಚಯದ ಧಾಟಿಯಲ್ಲಿ ಹುಟ್ಟಿದ ಊರು, ಬಂದ ಪ್ರಶಸ್ತಿ, ಆಮೇಲೆ ಪರೀಕ್ಷೆಯ ಸಾರಾಂಶದ ಧಾಟಿಯಲ್ಲಿ ಇಡೀ ಕಥೆ. ಕೊನೆಯೂ ಅದರಲ್ಲೇ ಬಂದುಬಿಡುತ್ತದೆ. ಕೇಳಿದವರಿಗೆ ಪುಸ್ತಕ ಅಲ್ಲಿಗೆ ಮುಗಿದುಹೋಗುತ್ತದೆ. ತಪ್ಪು ಮಕ್ಕಳದ್ದಲ್ಲ. ಪುಸ್ತಕದ ಬಗ್ಗೆ ಮಾತಾಡಲು ಶಾಲೆ ಅವರಿಗೆ ಕಲಿಸಿರುವುದೇ ಈ ಎರಡು ಅಚ್ಚು. ಬೇರೆಯದನ್ನು ನೀವು ಕೊಡಬೇಕು.

ಆ ಬೇರೆಯ ಅಚ್ಚು 90 ಸೆಕೆಂಡಿನದು. ಜಾಗ ತರಗತಿಯ ಕೋಣೆ, ಹೇಳುವವರ ಕೈಯಲ್ಲಿ ಪುಸ್ತಕ ಇರಲೇಬೇಕು, ಒಂದು ದಿನಕ್ಕೆ ಮೂವರಿಗಿಂತ ಹೆಚ್ಚು ಬೇಡ. ಮೊದಲ ಮಾತೇ ‘ಇದು ಇಂಥವರಿಗೆ’ ಎಂದಿರಲಿ. ಎರಡನೆಯದು ಕಥೆ ಎಲ್ಲಿಂದ ಶುರುವಾಗುತ್ತದೆ ಎಂಬುದು, ಎರಡು ವಾಕ್ಯದಲ್ಲಿ. ಮೂರನೆಯದು ಮೊದಲೇ ಗುರುತು ಹಾಕಿಟ್ಟುಕೊಂಡ 6ರಿಂದ 8 ಸಾಲನ್ನು ಗಟ್ಟಿಯಾಗಿ ಓದುವುದು. ನಾಲ್ಕನೆಯದು ಪುಸ್ತಕ ಎಲ್ಲಿ ಜಗ್ಗುತ್ತದೆ ಎಂಬ ಪ್ರಾಮಾಣಿಕ ಮಾತು. ಅಷ್ಟೇ. ‘ಆದ್ದರಿಂದ ಎಲ್ಲರೂ ತಪ್ಪದೇ ಓದಿ’ ಎಂಬ ಸಾಲು ಬೇಡವೇ ಬೇಡ. ಅದು ಬಂದ ಕೂಡಲೇ ಗೆಳೆಯನ ದನಿ ಮೇಷ್ಟರ ದನಿಯಾಗುತ್ತದೆ.

ಕಥೆಯನ್ನು ಎಷ್ಟು ಹೇಳಬಹುದು? ಒಟ್ಟು ಪುಟಗಳ ಐದನೇ ಒಂದು ಭಾಗದೊಳಗೆ ನಡೆಯುವುದನ್ನು ಮಾತ್ರ. 150 ಪುಟದ ಕಾದಂಬರಿಯಾದರೆ 30ನೇ ಪುಟ ಗಡಿ. ‘ಕೊನೆಯಲ್ಲಿ ಒಂದು ತಿರುವು ಇದೆ’ ಎಂದೂ ಹೇಳಬಾರದು, ಯಾಕೆಂದರೆ ಆಮೇಲೆ ಓದುವವರು ಕಥೆಯನ್ನು ಬಿಟ್ಟು ತಿರುವನ್ನೇ ಕಾಯುತ್ತ ಕೂರುತ್ತಾರೆ.

ಮಾತು ಆಡಿದ ದಿನ ತಲುಪುತ್ತದೆ, ಚೀಟಿ ಉಳಿಯುತ್ತದೆ. ಡ್ರಾಯಿಂಗ್ ಹಾಳೆಯನ್ನು ಎ4 ಅಳತೆಗೆ ಕತ್ತರಿಸಿ, ನಾಲ್ಕು ತುಂಡು ಮಾಡಿದರೆ ಅದೇ ಶಿಫಾರಸು ಚೀಟಿ. ಅದನ್ನು ಅಂಟಿಸಬೇಡಿ. ಪುಸ್ತಕದೊಳಗೆ ಇಟ್ಟು ಎರಡು ಇಂಚು ಹೊರಗೆ ಇಣುಕುವಂತೆ ಬಿಡಿ. ಬೆನ್ನುಪಟ್ಟಿ ಮಾತ್ರ ಕಾಣುವ ಬೀರುವಿನಲ್ಲಿ ಯಾವುದಕ್ಕೆ ಚೀಟಿ ಇದೆ ಎಂದು ದೂರದಿಂದಲೇ ಕಾಣಬೇಕು. 40ರಿಂದ 60 ಪದ ಸಾಕು. ಸಾಮಾನ್ಯವಾಗಿ ಮಕ್ಕಳು ಬರೆದು ತರುವುದು ಹೀಗಿರುತ್ತದೆ: ‘ಇದು ಪ್ರಸಿದ್ಧ ಕಾದಂಬರಿ. ಇದರಲ್ಲಿ ಪರಿಸರ ಕಾಳಜಿ ಇದೆ. ತುಂಬಾ ಚೆನ್ನಾಗಿದೆ. ಎಲ್ಲರೂ ಓದಬೇಕು.’ ಈ ನಾಲ್ಕು ವಾಕ್ಯವನ್ನು ಯಾವ ಪುಸ್ತಕಕ್ಕೆ ಬೇಕಾದರೂ ಅಂಟಿಸಬಹುದು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ಗೆ ಬೇಕಾದ ಚೀಟಿ ಇಂಥದ್ದು:

‘ವಿಜ್ಞಾನ ಇಷ್ಟ, ಆದರೆ ವಿಜ್ಞಾನದ ಪೀರಿಯಡ್ ಬೇಜಾರು ಅನ್ನುವವರಿಗೆ. ಜೇನುತುಪ್ಪ ಕೊಳ್ಳಲು ಹೋದಲ್ಲಿಂದ ಶುರು. ಊರಿನವರಿಗೆ ದಡ್ಡನ ಹಾಗೆ ಕಾಣುವ ಮಂದಣ್ಣನನ್ನು ದೊಡ್ಡ ವಿಜ್ಞಾನಿಯೊಬ್ಬರು ಯಾಕೆ ಹುಡುಕಿಕೊಂಡು ಬರುತ್ತಾರೆ? ಕಿವಿ ಎಂಬ ನಾಯಿಯೂ ಇದೆ. ಮೊದಲಲ್ಲಿ ಜಮೀನಿನ ತಾಪತ್ರಯದ ಮಾತು ಜಾಸ್ತಿ, ಅಲ್ಲಿ ಬಿಡಬೇಡಿ. ಕಾಡಿಗೆ ಹೊರಟ ಮೇಲೆ ನಾನು ಊಟಕ್ಕೂ ಏಳಲಿಲ್ಲ. – 9ನೇ ತರಗತಿ’

ಇದರಲ್ಲಿ ಹೊಗಳಿಕೆಯ ವಿಶೇಷಣ ಒಂದೂ ಇಲ್ಲ. ಯಾರಿಗೆ, ಎಲ್ಲಿಂದ, ಎಂಥವರು, ಎಲ್ಲಿ ಕಷ್ಟ, ಓದಿದವರಿಗೆ ಏನಾಯಿತು ಎಂಬುದಷ್ಟೇ ಇದೆ. ಕೊನೆಯಲ್ಲಿ ತರಗತಿ ಬರೆದರೆ ಸಾಕು, ಹೆಸರು ಹಾಕುವುದು ಮಗುವಿಗೆ ಬಿಟ್ಟದ್ದು. ಹೆಸರು ಬೇಡವೆಂದರೆ ನಾಚಿಕೆಯ ಮಕ್ಕಳೂ ಬರೆಯುತ್ತಾರೆ.

‘ಎಲ್ಲಿ ಜಗ್ಗುತ್ತದೆ’ ಎಂಬ ಸಾಲನ್ನು ಮಕ್ಕಳು ಬಿಟ್ಟುಬಿಡುತ್ತಾರೆ. ದೊಡ್ಡ ಲೇಖಕರ ಪುಸ್ತಕದಲ್ಲಿ ಕುಂದು ಹೇಳಬಾರದು ಎಂಬ ಹೆದರಿಕೆ ಅವರಿಗೆ. ಆದರೆ ಇಡೀ ಚೀಟಿಯಲ್ಲಿ ಹೆಚ್ಚು ಕೆಲಸ ಮಾಡುವುದು ಆ ಸಾಲೇ. ಹೊಸ ಓದುಗ 25ನೇ ಪುಟದಲ್ಲಿ ಸಿಕ್ಕಿಹಾಕಿಕೊಂಡಾಗ ‘ನನಗೆ ಓದಲು ಬರುವುದಿಲ್ಲ’ ಎಂದುಕೊಂಡು ಪುಸ್ತಕ ಮುಚ್ಚುತ್ತಾನೆ. ಇಲ್ಲಿ ನಿಧಾನವಾಗುತ್ತದೆ ಎಂದು ಗೆಳೆಯ ಮೊದಲೇ ಬರೆದಿದ್ದರೆ ‘ಓ, ಇದೇ ಅದು’ ಎಂದು ದಾಟುತ್ತಾನೆ. ಅರ್ಧಕ್ಕೆ ಬಿಟ್ಟವರಿಗೂ ಚೀಟಿ ಬರೆಯುವ ಹಕ್ಕಿರಲಿ. ‘60ನೇ ಪುಟದಲ್ಲಿ ಬಿಟ್ಟೆ, ಪಾತ್ರಗಳ ಹೆಸರು ಗೊಂದಲವಾಯಿತು’ ಎಂಬ ಚೀಟಿ ನೋಡಿ ಇನ್ನೊಬ್ಬರು ಪಾತ್ರಗಳ ಪಟ್ಟಿ ಮಾಡಿ ಅದೇ ಪುಸ್ತಕದಲ್ಲಿ ಇಡಬಹುದು. ಮುಂದಿನವರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಇನ್ನು ಓದಿನ ವೇಗ. ಶಿಫಾರಸು ಕೆಡುವುದು ಬಹುಪಾಲು ಇಲ್ಲಿ, ಯಾಕೆಂದರೆ ಶಿಫಾರಸು ಮಾಡುವವರು ಬೇಗ ಓದುವವರು. ಎರಡು ದಿನದಲ್ಲಿ ಮುಗಿಸಿದ ಹುಡುಗಿಗೆ 300 ಪುಟ ದೊಡ್ಡದಲ್ಲ. ಕೇಳುವವರ ಲೆಕ್ಕ ಬೇರೆ. ಪ್ರತಿ ಮಗುವಿಗೂ ಒಮ್ಮೆ 10 ನಿಮಿಷ ಮನಸ್ಸಿನಲ್ಲೇ ಓದಲು ಹೇಳಿ, ಎಷ್ಟು ಪುಟವಾಯಿತು ಎಂದು ತಾನೇ ಎಣಿಸಿಕೊಳ್ಳಲಿ. 6 ಪುಟವಾದರೆ 150 ಪುಟದ ಕಾದಂಬರಿಗೆ 250 ನಿಮಿಷ ಬೇಕು. ದಿನಕ್ಕೆ 20 ನಿಮಿಷ ಓದಿದರೆ 13 ದಿನ. 3 ಪುಟ ಓದುವವರಿಗೆ ಅದೇ ಪುಸ್ತಕ 25 ದಿನ. ಅವರಿಗೆ ಮೊದಲು 70–80 ಪುಟದ್ದನ್ನು ಹೇಳಬೇಕು. ಈ ಸಂಖ್ಯೆ ಆ ಮಗುವಿನ ಬಳಿಯೇ ಇರಲಿ, ಗೋಡೆಗೆ ಹಚ್ಚಬೇಡಿ. ಒಂದು ವಾರಕ್ಕೆ ಪುಸ್ತಕ ವಾಪಸು ಕೇಳುವ ನಿಯಮವಿದ್ದರೆ ಇವತ್ತೇ ತೆಗೆದುಹಾಕಿ 14 ದಿನ ಮಾಡಿ, ಕೇಳಿದವರಿಗೆ ಇನ್ನೊಂದು 14 ದಿನ ಕೊಡಿ.

ಪ್ರತಿಗಳ ಲೆಕ್ಕವೂ ಇದರ ಜೊತೆಗೇ ಬರುತ್ತದೆ. ಒಳ್ಳೆಯ ಶಿಫಾರಸು ಕೇಳಿ 12 ಮಕ್ಕಳು ಕೈ ಎತ್ತಿದರು ಅನ್ನಿ. ಪ್ರತಿ ಒಂದೇ ಇದ್ದರೆ ಕೊನೆಯ ಮಗುವಿನ ಸರದಿ ಮುಗಿಯಲು 168 ದಿನ, ಐದೂವರೆ ತಿಂಗಳು. ಮೂರು ಪ್ರತಿ ಇದ್ದರೆ 56 ದಿನ. ಆದ್ದರಿಂದ 70 ಕಾದಂಬರಿಗೂ ಚೀಟಿ ಬರೆಸಲು ಹೋಗಬೇಡಿ. 6 ಕಾದಂಬರಿ ಆರಿಸಿ, ಒಂದೊಂದರದೂ 3 ಪ್ರತಿ ಮಾಡಿಕೊಳ್ಳಿ. ಒಂದೊಂದು ನಿಮ್ಮಲ್ಲಿ ಈಗಾಗಲೇ ಇದ್ದರೆ ಕೊಳ್ಳಬೇಕಾದ್ದು 12. ಒಂದಕ್ಕೆ 150–200 ರೂಪಾಯಿ ಎಂದು ಹಿಡಿದರೂ 2,400 ರೂಪಾಯಿಯೊಳಗೆ ಆಗುತ್ತದೆ. ಹಣವಿಲ್ಲದಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರದಲ್ಲಿ ಆ ಶೀರ್ಷಿಕೆಗಳಿವೆಯೇ ಎಂದು ಮಕ್ಕಳೇ ಹೋಗಿ ನೋಡಲಿ. ಅಲ್ಲಿ ಸಿಕ್ಕಿದ್ದರ ಚೀಟಿಯಲ್ಲಿ ‘ಇದು ಪಂಚಾಯಿತಿ ಗ್ರಂಥಾಲಯದಲ್ಲೂ ಇದೆ’ ಎಂದು ಸೇರಿಸಿದರೆ ಆಯಿತು.

ಇನ್ನು ಯಾವ ಆರು? ನೀವು ಪಟ್ಟಿ ಕೊಟ್ಟರೆ ಅದು ಮಕ್ಕಳ ಶಿಫಾರಸಾಗಿ ಉಳಿಯುವುದಿಲ್ಲ. 15 ಪುಸ್ತಕಗಳನ್ನು ಮೇಜಿನ ಮೇಲೆ ಹರಡಿ, ಆ ಹತ್ತು ಹನ್ನೆರಡು ಓದುಗರು ಆರನ್ನು ಆರಿಸಲಿ. ಆ ಹದಿನೈದರಲ್ಲಿ ಏನಿರಬೇಕು ಎಂಬುದರ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಹೇಳುತ್ತೇನೆ.

ಕನ್ನಡದಲ್ಲಿ ಈ ವಯಸ್ಸಿನವರಿಗೆಂದೇ ಬರೆದ ಕಾದಂಬರಿಗಳಿಲ್ಲ ಎಂಬ ಮಾತು ಶಾಲೆಗಳಲ್ಲಿ ಮತ್ತೆ ಮತ್ತೆ ಕೇಳಿಸುತ್ತದೆ. ಅದು ನಿಜವಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಕನ್ನಡದಲ್ಲಿ 2021, 2022, 2023ರಲ್ಲಿ ಸಾಲಾಗಿ ಮೂರು ವರ್ಷ ಕಾದಂಬರಿಗಳಿಗೇ ಬಂತು: ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’. ಅದಕ್ಕೂ ಮೊದಲು, 2011ರಲ್ಲಿ, ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಇದೇ ಪುರಸ್ಕಾರ ಪಡೆದಿತ್ತು. ನಿಧಾನಕ್ಕೆ ಓದುವ 8ನೇ ತರಗತಿಯ ಮಕ್ಕಳಿಗೆ ಇಂಥವೇ ಹೆಬ್ಬಾಗಿಲು. ಇವನ್ನು ‘ಚಿಕ್ಕವರ ಪುಸ್ತಕ’ ಎಂದು ಮಾತ್ರ ಕರೆಯಬೇಡಿ. ಹದಿನಾಲ್ಕರವರು ಆ ಮಾತು ಕೇಳಿದ ಮೇಲೆ ಮುಟ್ಟುವುದಿಲ್ಲ.

ದೊಡ್ಡವರ ಕಾದಂಬರಿಗಳಲ್ಲಿ ತೇಜಸ್ವಿ ಮೊದಲು ಬರಲಿ. 1980ರ ‘ಕರ್ವಾಲೊ’ ಆಯಿತು. 1994ರ ‘ಜುಗಾರಿ ಕ್ರಾಸ್’ ಪುಸ್ತಕವೆಂದರೆ ದೂರ ಓಡುವ ಹುಡುಗರಿಗೆ ಒಗ್ಗುತ್ತದೆ: ಏಲಕ್ಕಿ ಮಾರಲು ಪೇಟೆಗೆ ಬಂದ ದಂಪತಿ, ಅವರ ಸುತ್ತ ಬಿಗಿಯುವ ಜಾಲ, ಕಥೆಗೆ ವೇಗವಿದೆ. ಶಿವರಾಮ ಕಾರಂತರಲ್ಲಿ ‘ಚೋಮನ ದುಡಿ’ ಪುಟ ಕಡಿಮೆ ಎಂಬ ಕಾರಣಕ್ಕೇ ಎಲ್ಲ ಪಟ್ಟಿಯಲ್ಲೂ ಸೇರಿಕೊಳ್ಳುತ್ತದೆ. ನನ್ನ ಒಲವು 1943ರ ‘ಬೆಟ್ಟದ ಜೀವ’ದ ಕಡೆಗೆ. ಕಾಡಿನಲ್ಲಿ ದಾರಿ ತಪ್ಪಿದವನೊಬ್ಬ ಅಪರಿಚಿತರ ಮನೆ ಸೇರುತ್ತಾನೆ, ಆ ಮನೆಯ ಮಗ ಊರು ಬಿಟ್ಟು ಹೋಗಿದ್ದಾನೆ. ಊರಿನಲ್ಲಿ ಇರಬೇಕೋ ಹೋಗಬೇಕೋ ಎಂದು 10ನೇ ತರಗತಿಯಲ್ಲೇ ಯೋಚಿಸುವ ನಮ್ಮ ಹಳ್ಳಿಯ ಮಕ್ಕಳಿಗೆ ಇದು ಅವರದೇ ಪ್ರಶ್ನೆ. ಆದರೆ ನಡಿಗೆ ನಿಧಾನ, ಅದನ್ನು ಚೀಟಿ ಹೇಳಲೇಬೇಕು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಸುಮಾರು 700 ಪುಟ. ಅದನ್ನು ಮೊದಲ ಹದಿನೈದರಲ್ಲಿ ಇಡಬೇಡಿ. ಓದಿದ ಹುಡುಗಿಯೊಬ್ಬಳಿದ್ದರೆ ತನ್ನಂಥ ಇನ್ನೊಬ್ಬಳಿಗೆ ಅವಳೇ ಕೈಯಾರೆ ಕೊಡಲಿ.

ಭಾಷೆಯ ವಿಷಯ ಬೇರೆಯಾಗಿಯೇ ಹೇಳಬೇಕು. ಕನ್ನಡ ಕಾದಂಬರಿ ಎಂದರೆ ಒಂದೇ ಕನ್ನಡವಲ್ಲ. ಬಳ್ಳಾರಿಯ ಮಗುವಿಗೆ ಮಲೆನಾಡಿನ ಉಂಬಳ, ದರಗು, ಕಾನು ಎಂಬ ಪದಗಳು ಹೊಸವು. ಉಡುಪಿಯ ಮಗುವಿಗೆ ಧಾರವಾಡದ ಮಾತಿನ ಓಟ ಹೊಸದು. ದೇವನೂರ ಮಹಾದೇವರ ‘ಒಡಲಾಳ’ ಪುಟ್ಟ ಪುಸ್ತಕ. ಸಾಕವ್ವನ ಹುಂಜ ಕಳೆದುಹೋದಲ್ಲಿಂದ ಶುರುವಾಗುವ ಅದನ್ನು ಒಂದೆರಡು ಸಂಜೆಯಲ್ಲಿ ಮುಗಿಸಬಹುದು. ಆದರೆ ಅದರ ಮೈಸೂರು ಸೀಮೆಯ ಆಡುಮಾತು ಕಣ್ಣಿನಲ್ಲಿ ಓದಿದರೆ ಎಡವಿಸುತ್ತದೆ, ಬಾಯಿಬಿಟ್ಟು ಓದಿದರೆ ಹರಿಯುತ್ತದೆ. ಆ ಚೀಟಿಯಲ್ಲಿ ‘ಮೊದಲ ಎರಡು ಪುಟ ಗಟ್ಟಿಯಾಗಿ ಓದಿ’ ಎಂದಿರಬೇಕು. ಹೀಗೆ ಬೇರೆ ಸೀಮೆಯ ಮಾತಿರುವ ಪುಸ್ತಕಕ್ಕೆ ಓದಿದ ಮಗು 15 ಪದಗಳ ಅರ್ಥವನ್ನು ಉದ್ದನೆಯ ಪಟ್ಟಿಯಲ್ಲಿ ಬರೆದು ಪುಟಗುರುತಾಗಿ ಒಳಗಿಡಲಿ. 15ಕ್ಕಿಂತ ಹೆಚ್ಚಾದರೆ ಅದು ಪಾಠದ ಪದಕೋಶವಾಗುತ್ತದೆ.

ಸಿನಿಮಾ ನೋಡಿದವರಿಗೆ ಶಿಫಾರಸು ಸುಲಭ ಎನ್ನಿಸುತ್ತದೆ, ಅಲ್ಲೊಂದು ಹೊಂಡವಿದೆ. 1972ರ ‘ನಾಗರಹಾವು’ ಚಿತ್ರಕ್ಕೆ ಪುಟ್ಟಣ್ಣ ಕಣಗಾಲ್ ಬಳಸಿದ್ದು ತ.ರಾ.ಸು. ಅವರ ಮೂರು ಕಾದಂಬರಿಗಳನ್ನು: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ರಾಮಾಚಾರಿಯ ಇಡೀ ಕಥೆ ಸಿಗುತ್ತದೆಂದು ಮೊದಲನೆಯದನ್ನಷ್ಟೇ ಒಯ್ದವರು ಸಿನಿಮಾದ ಅರ್ಧ ಎಲ್ಲಿ ಹೋಯಿತು ಎಂದು ಹುಡುಕುತ್ತಾರೆ. ಸಿನಿಮಾ ಆದ ಕಾದಂಬರಿಯ ಚೀಟಿಯಲ್ಲಿ ‘ಪುಸ್ತಕದಲ್ಲಿ ಇರುವ, ಸಿನಿಮಾದಲ್ಲಿ ಇಲ್ಲದ’ ಒಂದು ಸಂಗತಿಯನ್ನು ಬರೆಸಿ. ‘ನೋಡಿದ್ದೇನಲ್ಲ, ಓದುವುದೇಕೆ’ ಎಂಬುದಕ್ಕೆ ಅದೇ ಉತ್ತರ.

ಈಗ ಹೆಚ್ಚು ಎಚ್ಚರ ಬೇಕಾದ ಜಾಗ. ತ್ರಿವೇಣಿಯವರ ಕಾದಂಬರಿಗಳನ್ನು ಹುಡುಗಿಯರು ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಬಂದು ಅರವತ್ತು ವರ್ಷಗಳೇ ಕಳೆದವು. ಕನ್ನಡದಲ್ಲಿ ಗೆಳತಿಯರ ಶಿಫಾರಸಿಗೆ ಅದಕ್ಕಿಂತ ದೊಡ್ಡ ಉದಾಹರಣೆ ನನಗೆ ಕಾಣದು. ‘ಶರಪಂಜರ’ದಲ್ಲಿ ಮಾನಸಿಕ ಕಾಯಿಲೆಗೆ ಒಳಗಾದ ಹೆಣ್ಣಿನ ಸಂಕಟವಿದೆ. ಇಂಥ ಪುಸ್ತಕವನ್ನು ಬೀರುವಿನ ಹಿಂದಕ್ಕೆ ತಳ್ಳಬೇಡಿ. ಚೀಟಿಯ ಕೊನೆಗೆ ಒಂದು ಸಾಲು ಸಾಕು: ‘ಇದರಲ್ಲಿ ಮನಸ್ಸಿನ ಕಾಯಿಲೆಯ ವಿಷಯ ಇದೆ, ಮನಸ್ಸು ಭಾರವಿದ್ದಾಗ ಓದಬೇಡಿ, ಓದಿದ ಮೇಲೆ ಯಾರ ಜೊತೆಗಾದರೂ ಮಾತಾಡಿ.’ ಹಿಂಬದಿಯಲ್ಲಿ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್‌ನ 14416 ಸಂಖ್ಯೆ ಬರೆಸಿ.

ಜಾತಿಯ ವಿಷಯ ಇನ್ನೂ ಸೂಕ್ಷ್ಮ. ‘ಚೋಮನ ದುಡಿ’ 1933ರದು, ಆ ಕಾಲದ ಜಾತಿಪದಗಳು ಅದರಲ್ಲಿವೆ. 90 ಸೆಕೆಂಡಿನಲ್ಲಿ ಅದನ್ನು ಪರಿಚಯಿಸಿದರೆ ಆ ಹೆಸರು ಮಧ್ಯಾಹ್ನದ ಬಿಡುವಿನಲ್ಲಿ ಯಾವುದಾದರೂ ಮಗುವಿಗೆ ಅಡ್ಡಹೆಸರಾಗಿ ಅಂಟುವ ಅಪಾಯವಿದೆ, ಆ ನೋವು ವರ್ಷಗಟ್ಟಲೆ ಉಳಿಯುತ್ತದೆ. ಇಂಥ ಕಾದಂಬರಿಯನ್ನು ಎಲ್ಲರೆದುರು ಮಾತಿನಲ್ಲಿ ಹೇಳಿಸಬೇಡಿ, ಚೀಟಿಯಲ್ಲಿ ಮಾತ್ರ ಇರಲಿ. ಗಟ್ಟಿಯಾಗಿ ಓದುವ ಸಾಲುಗಳನ್ನು ನೀವು ಮೊದಲೇ ನೋಡಿ. ಜೊತೆಗೆ ದಲಿತ ಲೇಖಕರು ತಾವೇ ಬರೆದದ್ದು ಪಕ್ಕದಲ್ಲಿರಲಿ. ‘ಒಡಲಾಳ’ವನ್ನು ನಾನು ಹೇಳಿದ್ದು ಅದಕ್ಕೂ ಹೌದು. ಸಾಕವ್ವನ ಮನೆಯಲ್ಲಿ ಬಡತನ ಎಷ್ಟಿದೆಯೋ ನಗುವೂ ಅಷ್ಟೇ ಇದೆ.

ಚೀಟಿಯಲ್ಲಿ ‘ಹುಡುಗಿಯರಿಗೆ’, ‘ಹುಡುಗರಿಗೆ’ ಎಂದು ಬರೆಯಲು ಬಿಡಬೇಡಿ. ‘ಮನೆಯಲ್ಲಿ ಜಗಳ ಆದಾಗ ಅಟ್ಟ ಹತ್ತಿ ಕೂರುವವರಿಗೆ’ ಎಂದು ಬರೆದರೆ ಬೇಕಾದವರಿಗೆ ತಲುಪುತ್ತದೆ.

ನೀವು ದೂರ ನಿಲ್ಲಬೇಕಾದ ಕೆಲವು ಕಡೆಗಳಿವೆ. ಚೀಟಿಗೆ ಅಂಕ ಕೊಡಬೇಡಿ, ಕಾಗುಣಿತವನ್ನು ಕೆಂಪು ಶಾಯಿಯಲ್ಲಿ ತಿದ್ದಬೇಡಿ. ಅರ್ಥ ಕೆಡುವ ತಪ್ಪಿದ್ದರೆ ಬರೆದವರಿಗೆ ಮಾತ್ರ ಹೇಳಿ. ‘ಅತಿ ಹೆಚ್ಚು ಪುಸ್ತಕ ಓದಿದವರು’ ಎಂಬ ಬಹುಮಾನ ಇಟ್ಟರೆ ಮರುವಾರದಿಂದಲೇ ಎಲ್ಲರೂ ಬೀರುವಿನಲ್ಲಿ ತೆಳ್ಳಗಿರುವುದನ್ನು ಹುಡುಕುತ್ತಾರೆ, ಓದದೇ ಚೀಟಿ ಬರೆಯುವುದೂ ಶುರುವಾಗುತ್ತದೆ. ದೊಡ್ಡವರು ಹಿಂದೆ ಸರಿದರೆ ಮಕ್ಕಳ ಆಯ್ಕೆ ಹಾಳಾದೀತು ಎಂಬ ಭಯ ಬೇಡ. ಫ್ರಾನ್ಸಿನಲ್ಲಿ 1988ರಿಂದ ‘ಗೊಂಕೂರ್ ದೆ ಲಿಸೆಯೆನ್’ ಎಂಬ ಪ್ರಶಸ್ತಿಯಿದೆ. ಅದರ ತೀರ್ಪುಗಾರರು ಸುಮಾರು 2,000 ಪ್ರೌಢಶಾಲಾ ವಿದ್ಯಾರ್ಥಿಗಳು. ದೊಡ್ಡವರ ಗೊಂಕೂರ್ ಪ್ರಶಸ್ತಿಗೆ ಪಟ್ಟಿಯಾದ ಕಾದಂಬರಿಗಳನ್ನೇ ಅವರು ಸುಮಾರು ಎರಡು ತಿಂಗಳಲ್ಲಿ ಓದಿ, ತರಗತಿಯಲ್ಲಿ ವಾದಿಸಿ, ಪ್ರತಿನಿಧಿಗಳನ್ನು ಕಳಿಸಿ ಒಂದನ್ನು ಆರಿಸುತ್ತಾರೆ. ಶಿಕ್ಷಕರು ಜೊತೆಗಿರುತ್ತಾರೆ, ಮತ ಹಾಕುವುದಿಲ್ಲ. ಪುಸ್ತಕಗಳನ್ನು ಪ್ರತಿ ತರಗತಿಗೂ ಒದಗಿಸಿಕೊಡುವುದು ಮಾತ್ರ ದೊಡ್ಡವರ ಹೊಣೆ.

ಫೋನಿನ ಗುಂಪಿನಲ್ಲಿ ಧ್ವನಿ ಸಂದೇಶ ಹಾಕಿಸುವುದಾದರೆ 45 ಸೆಕೆಂಡು ಮೀರದಿರಲಿ, ಮಕ್ಕಳ ಮುಖ, ಫೋನ್ ನಂಬರು ಎಲ್ಲೂ ಬರದಿರಲಿ. ಫೋನ್ ಇಲ್ಲದ ಮಕ್ಕಳು ಹೊರಗುಳಿಯುವುದರಿಂದ ಚೀಟಿಯೇ ಮುಖ್ಯವಾಗಿರಲಿ.

ಹಾಗಿದ್ದರೆ ಅಳೆಯುವುದು ಹೇಗೆ? ಎರವಲು ರಿಜಿಸ್ಟರಿನಲ್ಲಿ ಒಂದು ಕಾಲಂ ಹೆಚ್ಚಿಗೆ ಎಳೆಯಿರಿ: ‘ಯಾರು ಹೇಳಿದ್ದಕ್ಕೆ ತೆಗೆದುಕೊಂಡೆ’. ಗೆಳತಿಯ ಹೆಸರು, ‘ಚೀಟಿ ನೋಡಿ’, ‘ಟೀಚರ್’, ‘ಸುಮ್ಮನೆ’ – ಏನಿದ್ದರೂ ಬರೆಯಲಿ. 8 ವಾರದ ನಂತರ ಆ ಕಾಲಂ ಓದಿ. ‘ಟೀಚರ್’ ಎಂದೇ ತುಂಬಿದ್ದರೆ ನೀವು ಇನ್ನೂ ಹಿಂದೆ ಸರಿಯಬೇಕು. ಯಾವುದಾದರೂ ಒಂದು ಮಗುವಿನ ಹೆಸರು ಮತ್ತೆ ಮತ್ತೆ ಬಂದಿದ್ದರೆ, ಮುಂದಿನ ಆರು ಪುಸ್ತಕ ಆರಿಸುವ ಮೇಜಿಗೆ ಆ ಮಗುವನ್ನು ಕರೆಯಿರಿ. ಅದು ಕನ್ನಡದಲ್ಲಿ ಹೆಚ್ಚು ಅಂಕ ಪಡೆಯುವ ಮಗುವೇ ಆಗಿರಬೇಕಿಲ್ಲ. ಯಾರೂ ಒಯ್ಯದ ಪುಸ್ತಕದ ಚೀಟಿಯನ್ನು ತೆಗೆದು ಇನ್ನೊಬ್ಬರಿಂದ ಹೊಸದಾಗಿ ಬರೆಸಿ. ಎರಡನೆಯ ಚೀಟಿಗೂ ಅಲುಗದಿದ್ದರೆ ಆ ಪುಸ್ತಕವನ್ನು ಈ ವರ್ಷ ಬದಿಗಿಟ್ಟು ಬೇರೊಂದನ್ನು ತನ್ನಿ.

ಬರುವ ವಾರ ಮಾಡಬೇಕಾದ್ದು ಇಷ್ಟು: ಶನಿವಾರದ ಭಾಷಣ ನಿಲ್ಲಿಸಿ, ಬೀರುವಿನ ಬೀಗದ ಕೈಯನ್ನು 9ನೇ ತರಗತಿಯ ಇಬ್ಬರಿಗೆ ಒಪ್ಪಿಸಿ, ಮಧ್ಯಾಹ್ನದ ಊಟದ ನಂತರ 20 ನಿಮಿಷ ಅದು ದಿನಾ ತೆರೆದಿರಲಿ.